ಅಳತಿ

ಇಪ್ಪತ್ತಾರು ವರ್ಷ ಮಂದಿಯ ಮೈ ಅಳದೀನಿ.
ಹೆಗಲು, ತೋಳು, ಎದೆಸುತ್ತು, ನಡ.
ತಾಳಿಗಿಂತ ಹೆಚ್ಚು ಹೊತ್ತು ಕೊರಳಾಗ ಇರೋದು ಟೇಪು.
ಇವತ್ತು ಸ್ಟೇಶನ್ ರೋಡಿನ ಸೈಕಲ್ ಅಂಗಡಿಯಾಗ
ದಸ್ತಗೀರಣ್ಣ ನನ್ನ ಗೋಡೆಗೆ ನಿಲ್ಲಿಸಿ,
ತಾನು ಮಾತ್ರ ಗಾಲಿಗಳ ಕಡೆ ಮುಖ ತಿರುವಿ,
"ಒಳಗಾಲು ಎಷ್ಟು, ನೀವ ಅಳಕೊಳ್ರಿ ಕಸ್ತೂರಕ್ಕ" ಅಂದ.
ಅಳಕೊಂಡೆ. ಎಪ್ಪತ್ಮೂರು ಸೆಂಟಿಮೀಟರು.
ಬಗ್ಗಿದಾಗ ಹೊಳೀತು,
ನನ್ನ ಮೈಯ ಒಂದಂಕಿನೂ ನನ್ನ ಪುಸ್ತಕದಾಗ ಇಲ್ಲ.

"ಹಂಗಾದ್ರ ನಿಮ್ಮದು ನಲವತ್ತೊಂಬತ್ತು."
ಯಾರು ಹೇಳಿದ್ರು ನಿನಗ, ಅಂತ ರೇಗಿದೆ.
ವಯಸ್ಸು ಅಲ್ಲಕ್ಕಾ, ಫ್ರೇಮು, ಅಂದ ಅವ.

ಸುರುವಾದದ್ದು ಹರಕು ಚಡ್ಡಿಗಳಿಂದ.
ಕ್ರೀಡಾ ಹಾಸ್ಟೆಲಿನ ಹುಡುಗ್ಯಾರು
ಡಾಂಬರಿಗೆ ಉಜ್ಜಿ ಹರಕೊಂಡದ್ದನ್ನ
ಕವರಿನಾಗ ಸುತ್ತಿ ತರತಿದ್ರು:
"ಅಕ್ಕಾ, ನಾಳಿ ಮುಂಜಾನಿ ನಾಕಕ್ಕ ಬೇಕು."
ಒಳಗಿನ ಮೆತ್ತೆ ಯಾಕ ಹಿಂದ ಅಗಲ, ಮುಂದ ಕಿರಿದು,
ಹೊಲಿಗಿ ಯಾಕ ತೊಡಿಸಂದಿಗೆ ಬರಬಾರದು,
ಕೇಳಕೋತ ಕೇಳಕೋತ
ಕೂತು ಹೊಲಿಯಾಕಿಗೆ ಕೂತು ಓಡೋ ಆಸೆ ಹತ್ತಿತು.
ಮಷೀನಿನ ಪೆಡ್ಲು ತುಳಿದದ್ದೆಲ್ಲಾ ಕೂಡಿಸಿದ್ರ
ಸೋಲಾಪುರಕ್ಕ ಎಷ್ಟು ಸಲ ಹೋಗಿ ಬರತಿದ್ನೋ,
ಸ್ಟೂಲು ಮಾತ್ರ ಗೇಣು ಸರಿದಿಲ್ಲ.

ಒಂದು ಹೊಸಾದು. ಗಿಳಿಹಸಿರು, ತಂತಿ ಎಲ್ಲ ಒಳಗ,
ಡಿಸ್ಕ್ ಬ್ರೇಕು, ಪ್ಲಾಸ್ಟಿಕ್ ಬಿಚ್ಚದ ಸೀಟು.
ಐವತ್ತೆಂಟು ಸಾವಿರ. ಸೈಜು ಐವತ್ತೆರಡು.
"ಸೀಟು ಇಳಿಸಿದ್ರ ಆತು" ಅಂದ ಒಳಗಿಂದ ಬಂದ ಮಗ.
ನಗು ಬಂತು.
ದೊಡ್ಡ ಜಂಪರಿಗೆ ಹಿಂದ ಪಿನ್ನು ಹಚ್ಚಿ
"ನಿಮಗ ಹೊಲಿಸಿದಂಗದ ನೋಡ್ರಿ" ಅನ್ನೋ ಮಾತು
ನಾನೂ ಎಷ್ಟು ಮಂದಿಗೆ ಹೇಳಿಲ್ಲ!
ಹೆಗಲು ಜಾರೋ ಅಂಗಿಗೆ ನಡ ಹಿಡಿದು ಏನು ಬಂತು?
ಆದರೂ ಹತ್ತಿ ಕೂತೆ. ಹ್ಯಾಂಡಲ್ಲು
ಬೀಗರಂಗ ದೂರ ನಿಂತು ಕರೀತಿತ್ತು.

ಇನ್ನೊಂದು ಮೂಲ್ಯಾಗ, ಗೋಣಿತಟ್ಟಿನ ಮ್ಯಾಲೆ.
ಇಟ್ಟಂಗಿ ಬಣ್ಣ. ಕಂಪನಿ ಹೆಸರು ಅರ್ಧ ಸವದದ.
ಮುಂದ ಎರಡು ಹಲ್ಲುಚಕ್ರ, ಹಿಂದ ಎಂಟು.
ಬಲಗಡೆ ಕೊಳವಿ ಮ್ಯಾಲೆ ಉದ್ದಕ ಒಂದು ಗೀರು.
ಸೈಜು ನಲವತ್ತೊಂಬತ್ತು. ಹದಿನೆಂಟು ಸಾವಿರ.
"ಯಾರದಿದು?"
"ದಾನಮ್ಮಂದು. ತಿಕೋಟಾದಾಕಿ. ಹುಬ್ಬಳ್ಳಿ ರೈಲ್ವೆದಾಗ
ನೌಕರಿ ಆತು, ಹೊಸಾದು ಸಿಕ್ಕದ ಆಕಿಗೆ."

ದಾನಮ್ಮ.
ಹಳೇ ಪುಸ್ತಕ ತೆರೆಯೋ ಕೆಲಸಿಲ್ಲ.
ನಡ ಇಪ್ಪತ್ತಾರು, ತೊಡಿ ಇಪ್ಪತ್ತೊಂದು,
ಎಡಗಡೆ ಅರ್ಧ ಇಂಚು ಹೆಚ್ಚು.
ಒಂದಿನ ಬಲಗಡೆ ಪೂರಾ ಹರಕೊಂಡು ಬಂದಿದ್ಲು,
ಅರಿವಿಗೆ ಚರ್ಮ ಅಂಟಿತ್ತು.
ಅಳಲಿಲ್ಲ. "ಪ್ಯಾಚು ಕಾಣಬಾರದಕ್ಕಾ" ಅಂದ್ಲು.
ಆ ಹರಕು ನಾ ಮುಚ್ಚಿದ್ದೆ.
ಇದನ್ನ ಯಾರೂ ಮುಚ್ಚಿಲ್ಲ.
ಬೆರಳಾಡಿಸಿದೆ, ನಾಕೂವರಿ ಇಂಚು.

ಆದ್ರ ನೆನಪಿಗೆ ರೊಕ್ಕ ಎಣಿಸೋ ಪೈಕಿ ಅಲ್ಲ ನಾನು.
ಹಿಂದಿನ ಗಾಲಿ ತಿರುವಿ ಒಂದು ಕಣ್ಣು ಮುಚ್ಚಿದೆ.
ಅಂಚು ನೆಟ್ಟಗದ್ಯೋ ಸೊಟ್ಟದ್ಯೋ
ನನಗ ಹೇಳಿಕೊಡಬೇಕೇನು?
ಕೂದಲೆಳಿ ಅಷ್ಟು ವಾಲತಿತ್ತು.
"ಇದು ಸರಿ ಮಾಡು. ಹದಿನೈದು."
"ಹದಿನೇಳು ಅಕ್ಕಾ, ಚೈನು ಹೊಸಾದು ಹಾಕೀನಿ."
"ಹದಿನೈದು. ನಿನ್ನ ಸೊಸಿಗೆ ಎರಡು ಚೂಡಿ, ಈದಿಗೆ ಮೊದಲ."
ಅವ ಪಾನಾ ಕೈಗೆ ತಗೊಂಡ.

ರಾತ್ರಿ ಪುಸ್ತಕದ ಕಡೀ ಹಾಳಿಯಾಗ
ಕಸ್ತೂರಿ, ಒಳಗಾಲು ಎಪ್ಪತ್ಮೂರು, ಅಂತ ಬರದು
ಕತ್ತರಿ ಹಿಡಿದೆ. ಮೆತ್ತೆ ಹಿಂದ ಅಗಲ, ಮುಂದ ಕಿರಿದು.
ಮ್ಯಾಲೆ ಮೊಣಕಾಲು ಮುಚ್ಚೋ ಕುರ್ತಾ. ಊರು ಊರೇ ಅಲ್ಲೇನು.

ಐದಕ್ಕ ಅಥಣಿ ರಸ್ತೆ. ಎದುರುಗಾಳಿ.
ಕೆಳಗಿನ ಬಾಗು ಹಿಡಿಯೋ ಧೈರ್ಯ ಇನ್ನೂ ಇಲ್ಲ.
ತೊರವಿ ದಾಟಿ ಸಣ್ಣ ಏರಿಗೆ
ಯಾವುದೋ ಗುಂಡಿ ಒತ್ತಿದೆ, ಕಟಕಟ ಅಂತು,
ಪೆಡ್ಲು ಹಗುರಾಗಿ ಸುಮ್ಮನ ತಿರುಗಿತು.
ಹಾಲಿನ ಕ್ಯಾನಿನ ಹುಡುಗ ಗಾಡಿ ನಿಧಾನ ಮಾಡಿ
"ಚೈನು ಬಿದ್ದದ ನೋಡ್ರಿ ಬಾಯಾರ" ಅಂದು ಹೋದ.
ರಸ್ತೆ ಬದಿ ಕುಕ್ಕರಗಾಲಿಲೆ ಕೂತು ಏರಿಸಿದೆ.
ಎರಡು ಸಲ ತಪ್ಪಿತು. ಮೂರನೇದಕ್ಕ ಕೂತಿತು.
ಹತ್ತೂ ಬೆರಳು ಕಪ್ಪು.
ಇವತ್ತು ಬಿಳಿ ಅರಿವಿ ಮುಟ್ಟಂಗಿಲ್ಲ.